ಜಿನ್ನಿನ ಗೋಡೆಯ ಪ್ಯಾಸೇಜು

ನಮ್ಮೂರಲ್ಲಿ ಒಂಬತ್ತನೇ ತರಗತಿಯ ಹುಡುಗರಿಗೆ ಕ್ಷೌರ ಪುಕ್ಕಟೆ. ಹುಡುಗಿಯರಿಗೆ ಹಣಮವ್ವನ ಅಂಗಡಿಯ ಮಿರ್ಚಿ ಭಜಿ ಪುಕ್ಕಟೆ. ಎಂಟನೆಯವರನ್ನು ಯಾರೂ ಮೂಸಿ ನೋಡುವುದಿಲ್ಲ. ಹತ್ತನೆಯವರನ್ನು ಕಂಡರೆ ರಿಟೈರಾದ ಫೌಜುದಾರನನ್ನು ಕಂಡ ಹಾಗೆ, ನಮಸ್ಕಾರ ಉಂಟು, ಚಹಾ ಇಲ್ಲ. ಇದಕ್ಕೆಲ್ಲ ಕಾರಣ ಜಿನ್ನಿನ ಗೋಡೆ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಸಂತೆ ಬಯಲಿನ ಕಡೆಗಿರುವ ಗೋಡೆ ಮಾತ್ರ ಗಟ್ಟಿಯಾಗಿ ನಿಂತಿದೆ. ಪ್ರತಿ ಸೋಮವಾರ ಬೆಳಿಗ್ಗೆ ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ಯಾಸೇಜು ಬರುತ್ತದೆ, ಅದರ ಕೆಳಗೆ ನಾಲ್ಕು ಪ್ರಶ್ನೆ. ಹೊತ್ತು ಮುಳುಗುವುದರೊಳಗೆ ಅಳಿಸಿಹೋಗುತ್ತದೆ. ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಕಣ್ಣಿಗಷ್ಟೇ ಅದು ಕಾಣುತ್ತದೆ. ಉಳಿದವರಿಗೆ ಬರೀ ಸುಣ್ಣ. ಪಾಸಾದ ದಿನವೇ ಕಾಣುವುದು ನಿಂತುಹೋಗುತ್ತದೆ. ಇಂಗ್ಲಿಷ್ ಕಲಿಸುವ ಮಠದ ಸರ್‌ಗೂ ಸುಣ್ಣ, ಪಂಚರ ಹಿರಿಯ ಶಿವರುದ್ರಪ್ಪನವರಿಗೂ ಸುಣ್ಣ.

ಓದುವ ಪದ್ಧತಿ ಹೀಗೆ. ವಾರಕ್ಕೆ ಒಂದು ರೋಲ್ ನಂಬರಿನ ಪಾಳಿ, ಚೀಟಿ ಎತ್ತಿ ಬಂದದ್ದು. ಆ ಒಬ್ಬರು ಗೋಡೆಯ ಕಡೆ ಮುಖ ಮಾಡಬೇಕು. ಉಳಿದ ಇಡೀ ಕ್ಲಾಸು ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಲ್ಲಬೇಕು. ಓದಿದವರು ನಾಲ್ಕು ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳುತ್ತಾರೆ, ಊರು ಆ ಪ್ರಕಾರ ನಡೆಯುತ್ತದೆ. ಪ್ರಶ್ನೆಗಳು ಎಂದೂ ಬದಲಾಗಿಲ್ಲ. ಮೇನ್ ಐಡಿಯಾ ಏನು? ಗೋಡೆ ಹೇಳಿದ್ದೇನು? ತಕ್ಕ ಶೀರ್ಷಿಕೆ ಕೊಡಿ. ಗೋಡೆ ಹೇಳದೆ ತಿಳಿಸಿದ್ದೇನು? ಇವು ಊರಿನ ಕೂಸುಗಳಿಗೂ ಬಾಯಿಪಾಠ. ಹೆಣ್ಣು ನೋಡಲು ಬಂದವರು ತಮ್ಮ ಮನೆತನದ ಬಗ್ಗೆ ಉದ್ದಕ್ಕೆ ಎಳೆದರೆ ಒಳಗಿಂದ ಅಜ್ಜಿ ಕೂಗುತ್ತಾಳೆ, "ಅದೆಲ್ಲಾ ಇರ್ಲಿ, ಮೇನ್ ಐಡಿಯಾ ಹೇಳ್ರಿ."

ವಾರಗಳನ್ನು ನಾವು ಗುರುತಿಸುವುದು ಶೀರ್ಷಿಕೆಯಿಂದ. ಹಣಮವ್ವನ ಮಗ ಹುಟ್ಟಿದ್ದು 'ಅವಸರ ಬೇಡ' ವಾರದಲ್ಲಿ. ಅವನು ಇನ್ನೂ ಹಾಸಿಗೆಯಿಂದ ಎದ್ದಿಲ್ಲ ಎಂದು ಅವಳೇ ಹೇಳುತ್ತಾಳೆ. ಮೂವತ್ತು ವರ್ಷದ ಹಿಂದೆ 'ಹಳೆಯದನ್ನು ನಂಬಬೇಡ' ವಾರದಲ್ಲಿ ಊರಿನವರು ಹಳ್ಳದ ಮೇಲಿದ್ದ ಗಟ್ಟಿಮುಟ್ಟಾದ ಕಲ್ಲಿನ ಸೇತುವೆಯನ್ನು ಕೆಡವಿದರು. ಅಂದಿನಿಂದ ಎಲ್ಲರೂ ಧೋತರ, ಸೀರೆ ಎತ್ತಿಕೊಂಡು ಹಳ್ಳ ದಾಟುತ್ತಾರೆ. ಇನ್ನೊಂದು ವಾರದ ಮಾತಿಗೆ ಮಂಗಳವಾರದ ಸಂತೆ ಶುಕ್ರವಾರಕ್ಕೆ ಹೋಯಿತು. 'ಮೌನವೇ ಲೇಸು' ಎಂಬ ವಾರ ಇನ್ನೂ ಹಳೆಯದು. ಆಗ ಇಡೀ ಊರು ಏಳು ದಿನ ಬಾಯಿ ಮುಚ್ಚಿಕೊಂಡಿತ್ತಂತೆ, ಎರಡು ಮದುವೆ ಬರೀ ಕೈಸನ್ನೆಯಲ್ಲಿ ಮುಗಿದವಂತೆ.

ನಾನು ಹುಲಿಗೆಮ್ಮ. ಕಲ್ಲು ಕ್ವಾರಿಯಲ್ಲಿ ದುಡಿಯುವವರ ಮಗಳು. ಜೂನ್‌ನಲ್ಲಿ ಈ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಬಂದೆ. ಕೊನೆಗೆ ಸೇರಿದ್ದರಿಂದ ರೋಲ್ ನಂಬರ್ ನಲವತ್ತೊಂದು. ಹಾಸ್ಟೆಲ್ಲಿನ ಲೈಬ್ರರಿ ಎಂದರೆ ಅಡುಗೆಮನೆಯ ಪಕ್ಕದ ಒಂದು ಕಬ್ಬಿಣದ ಕಪಾಟು. ಅದರ ಕೀಲಿ ಅಡುಗೆಯ ದ್ಯಾಮವ್ವನ ಸೊಂಟದಲ್ಲಿ, ಅಕ್ಕಿ ಕೋಣೆಯ ಕೀಲಿಯ ಜೊತೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಇಂಗ್ಲಿಷ್ ಪುಸ್ತಕಗಳು ಅದರಲ್ಲಿದ್ದವು. ಊಟದ ತಟ್ಟೆ ತೊಳೆದುಕೊಟ್ಟವರಿಗೆ ದ್ಯಾಮವ್ವ ಒಂದು ಪುಸ್ತಕ ಕೊಡುತ್ತಿದ್ದಳು. ನಾನು ತಟ್ಟೆ ಬಹಳ ತೊಳೆದೆ. ಬಟ್ಟೆ ಒಗೆಯುವ ಯಂತ್ರವೊಂದರ ಬಳಕೆಯ ಪುಸ್ತಕವನ್ನೂ ಬಿಡಲಿಲ್ಲ. ಒಂದು ಡಿಕ್ಷನರಿಯೂ ಇತ್ತು, ಆದರೆ ಎಲ್ ಅಕ್ಷರದವರೆಗೆ ಗೆದ್ದಲು ತಿಂದಿತ್ತು. ಎಮ್‌ನಿಂದ ಮುಂದಿನ ಶಬ್ದ ಬಂದರೆ ತೆಗೆದು ನೋಡುತ್ತಿದ್ದೆ. ಅದಕ್ಕೆ ಮುಂಚಿನದು ಬಂದರೆ ಹಿಂದಿನ ಸಾಲು, ಮುಂದಿನ ಸಾಲು ನೋಡಿ ಊಹಿಸಬೇಕಿತ್ತು. ಇದನ್ನೇ ಮಠದ ಸರ್ ಒಂದು ದಿನ ಬೋರ್ಡಿನ ಮೇಲೆ 'ಸಂದರ್ಭದಿಂದ ಅರ್ಥ ಗ್ರಹಿಸುವುದು, ಎರಡು ಅಂಕ' ಎಂದು ಬರೆದಾಗ ನನಗೆ ಗೆದ್ದಲಿನ ಮೇಲೆ ಗೌರವ ಬಂತು.

ನಮ್ಮ ಕ್ಲಾಸಿನಲ್ಲಿ ಮುದಕಪ್ಪ ಎಂಬವನಿದ್ದ. ಒಂಬತ್ತನೇ ತರಗತಿಯಲ್ಲಿ ಅವನಿಗೆ ಇದು ಆರನೇ ವರ್ಷ. ದಪ್ಪ ಮೀಸೆ. ಹೆಂಡತಿ ಇದ್ದಳು, ಮಗ ಅಂಗನವಾಡಿಗೆ ಹೋಗುತ್ತಿದ್ದ. ಪರೀಕ್ಷೆಯಲ್ಲಿ ಅವನು ಖಾಲಿ ಹಾಳೆ ಕೊಟ್ಟು ಬರುತ್ತಿದ್ದ, ಪಾಸಾಗುವ ಭಯಕ್ಕೆ. ಪಾಳಿ ಬಂದ ಹುಡುಗರು ಗೋಡೆಯ ಮುಂದೆ ಹೆದರಿದರೆ ಬದಲಿಗೆ ಇನ್ನೊಬ್ಬರು ಓದಬಹುದೆಂಬ ಪದ್ಧತಿಯಿತ್ತು. ಬಹಳ ಮಂದಿ ಹೆದರುತ್ತಿದ್ದರು. ಹಾಗಾಗಿ ಹೆಚ್ಚಿನ ಸೋಮವಾರಗಳಲ್ಲಿ ಊರು ಏನು ಮಾಡಬೇಕೆಂದು ಹೇಳುತ್ತಿದ್ದವನು ಮುದಕಪ್ಪನೇ.

ಅವನಿಗೆ ದ್ಯಾಮವ್ವನ ಚಪಾತಿಯ ಮೇಲೆ ಆಸೆ. ಒಂದು ಮಧ್ಯಾಹ್ನ ಹಾಸ್ಟೆಲ್ಲಿನ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ದ್ಯಾಮವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ಹೆಣ್ಮಕ್ಕಳ ಹಾಸ್ಟೆಲ್ಲಿಗೆ ಇಷ್ಟುದ್ದ ಮೀಸಿ ಹೊತ್ಕೊಂಡು ಚಪಾತಿಗೆ ಬರ್ತಿಯಲ್ಲೋ, ನಾಚಿಕಿ ಆಗೂದಿಲ್ಲೇನು? ನಿನ್ನ ಹೇಂತಿ ಮನ್ಯಾಗ ಒಲಿ ಹಚ್ಚಿಲ್ಲೇನು?"

"ನಾ ಗೋಡಿ ಓದಾಂವ ಅದೀನಿ, ದ್ಯಾಮವ್ವಾ."

"ಗೋಡೀನ ತಿನ್ನು, ಹೋಗು."

ನಾವೆಲ್ಲ ತಟ್ಟೆ ಬಡಿದು ನಕ್ಕೆವು. ಅದೇ ತಪ್ಪಾಯಿತು. ಮುಂದಿನ ಸೋಮವಾರ ಹೆದರಿದ ಹುಡುಗನೊಬ್ಬನ ಬದಲಿಗೆ ಓದಿದ ಮುದಕಪ್ಪ ಗೋಡೆಯ ಮೇನ್ ಐಡಿಯಾ ಹೇಳಿದ, "ನೂರು ಮಂದಿಗೆ ಉಣಿಸೂ ಕೈ ಈ ಊರು ಬಿಡಬೇಕು." ಶೀರ್ಷಿಕೆ, 'ಉಪ್ಪು ಹೆಚ್ಚಾಯಿತು.' ಊರಲ್ಲಿ ನೂರು ಮಂದಿಗೆ ಉಣಿಸುವ ಕೈ ಒಂದೇ.

ಯಾರನ್ನಾದರೂ ಊರು ಬಿಡಿಸುವ ಮಾತಾದರೆ ಅದು ಸತತ ಎರಡು ಸೋಮವಾರ ಬರಬೇಕು ಎಂಬುದು ಪಂಚರ ನಿಯಮ. ಎರಡನೇ ಸೋಮವಾರದ ಪಾಳಿ ನನ್ನದು.

ದ್ಯಾಮವ್ವ ಟ್ರಂಕು ಕಟ್ಟಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಹಾಸ್ಟೆಲ್ಲಿನಲ್ಲೇ ಇದ್ದವಳು, ಬೇರೆ ಊರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದೆ.

"ಚಿಗವ್ವಾ, ಟ್ರಂಕು ಬಿಚ್ಚು. ನೀ ಇರಬೇಕು ಅಂತ ಗೋಡಿ ಅಂದೈತಿ ಅಂತ ನಾಳೆ ಹೇಳಿಬಿಡ್ತೀನಿ."

"ಗೋಡಿ ಹಂಗ ಅಂದಿದ್ರ ಹೇಳು. ಅನ್ನಲಿಲ್ಲಂದ್ರ ಹೇಳಬ್ಯಾಡ. ಸುಳ್ಳಿನ ಮ್ಯಾಲ ಅನ್ನಾ ಬೇಯೂದಿಲ್ಲ."

"ಮುದಕಪ್ಪ ಖರೇ ಹೇಳ್ಯಾನ ಅಂತೀಯೇನು?"

"ಗೋಡಿ ಮುಂದ ನಿಂತು ಸುಳ್ಳು ಹೇಳೂ ಧೈರ್ಯ ಯಾರಿಗಿರ್ತೈತಿ? ನಾನೂ ಒಂಬತ್ತನೇತ್ತ ಓದೀನಿ."

"ಹೌದಾ? ನಿನ್ನ ಪಾಳಿಗೆ ಏನು ಬಂದಿತ್ತು?"

ದ್ಯಾಮವ್ವ ಸಾರಿನ ಪಾತ್ರೆಯೊಳಗೆ ನೋಡತೊಡಗಿದಳು. ಕುದಿಯದ ಸಾರನ್ನು ಎರಡು ಸಲ ತಿರುವಿದಳು. "ಮರ್ತೀನಿ," ಎಂದಳು.

ಅವತ್ತೇ ಭಜಿ ಅಂಗಡಿಯ ಹತ್ತಿರ ಮುದಕಪ್ಪ ಸಿಕ್ಕ. ಬಹಳ ಪ್ರೀತಿಯಿಂದ ಮಾತನಾಡಿಸಿದ. "ತಂಗೀ, ನಾಳೆ ನಾನ ಬದಲಿ ಓದ್ತೀನಿ ಬಿಡು."

"ಯಾಕ? ನನಗ ಕಣ್ಣು ಕಾಣ್ತಾವು."

"ಕಣ್ಣಿಂದಲ್ಲ. ಅಲ್ಲಿ ಹೋಗಿ ನಿಂತಮ್ಯಾಲ ಕಾಲು ನಡಗ್ತಾವು. ಎಲ್ಲಾರಿಗೂ ನಡಗ್ತಾವು. ಯಾಕಂದ್ರ ಅಲ್ಲಿ ಏನೂ ತಿಳಿ..." ಎಂದವನು ಬಾಯಿಗೆ ಇಡೀ ಮಿರ್ಚಿ ತುರುಕಿಕೊಂಡ. ಮೆಣಸಿನ ಬೀಜದ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು.

ಸೋಮವಾರ ಇಡೀ ಊರು ಸಂತೆ ಬಯಲಿಗೆ ಬಂದಿತ್ತು. ದ್ಯಾಮವ್ವ ಟ್ರಂಕನ್ನು ಬೇವಿನ ಬುಡದಲ್ಲಿ ಇಟ್ಟುಕೊಂಡು ಅದರ ಮೇಲೆ ಕುಳಿತಿದ್ದಳು. ಮಠದ ಸರ್ ನನ್ನ ಕೈಗೆ ಉತ್ತರ ಪತ್ರಿಕೆ ಕೊಟ್ಟು ಪ್ರತಿ ವಾರದ ಮಾತನ್ನೇ ಹೇಳಿದರು, "ಪ್ಯಾಸೇಜಿನೊಳಗ ಇದ್ದದ್ದನ್ನ ಅಷ್ಟ ಹೇಳು. ನಿನ್ನ ತಲಿಯೊಳಗಿಂದು ಯಾರಿಗೂ ಬೇಕಾಗಿಲ್ಲ." ಕ್ಲಾಸಿನ ನಲವತ್ತು ಮಂದಿ ಬೆನ್ನು ತಿರುಗಿಸಿದರು. ನಾನು ಗೋಡೆಯ ಕಡೆ ನೋಡಿದೆ.

ಮೊದಲ ಶಬ್ದ ಒಂಟೆ.

ಒಂಟೆ ಮರುಭೂಮಿಯ ಪ್ರಾಣಿ. ಅದರ ಬೆನ್ನಿನ ಮೇಲೆ ಒಂದು ಉಬ್ಬು, ಅದರಲ್ಲಿ ಇರುವುದು ನೀರಲ್ಲ, ಕೊಬ್ಬು. ಮರಳು ಬೀಸಿದಾಗ ಅದು ಮೂಗು ಮುಚ್ಚಿಕೊಳ್ಳಬಲ್ಲದು. ಕಣ್ಣಿಗೆ ಎರಡು ಸಾಲು ರೆಪ್ಪೆಗೂದಲು. ಆಹಾರ, ನೀರು ಇಲ್ಲದೆ ಬಹಳ ದಿನ ನಡೆಯಬಲ್ಲದು. ಅಷ್ಟೇ.

ಏನೋ ಬಿಟ್ಟಿರಬೇಕೆಂದು ಇನ್ನೊಮ್ಮೆ ಓದಿದೆ. ಅಡುಗೆಯವಳಿಲ್ಲ, ಊರಿಲ್ಲ, ಉಪ್ಪಿಲ್ಲ, ಬಿಡುವುದಿಲ್ಲ. ಹಾಸ್ಟೆಲ್ಲಿನ ಕಪಾಟಿನಲ್ಲಿದ್ದ ಪ್ರಾಣಿಗಳ ಪುಸ್ತಕದಲ್ಲಿ ಇಂಥದೇ ನಾಲ್ಕು ಪುಟ ಇದ್ದವು. ಸೇತುವೆ ಕೆಡವಿದ್ದು, ಸಂತೆಯ ದಿನ ಬದಲಾಗಿದ್ದು, ಏಳು ದಿನದ ಮೌನ, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಗೋಡೆಯ ಮುಂದೆ ನಿಂತು ಯಾರೂ ನಕ್ಕಿರಲಿಲ್ಲ. ನಲವತ್ತು ಬೆನ್ನುಗಳು ಒಂದು ಹೆಜ್ಜೆ ದೂರ ಸರಿದವು.

"ಏನವ್ವಾ, ನಗೂವಂಥಾದ್ದು ಏನೈತಿ?" ಎಂದರು ಶಿವರುದ್ರಪ್ಪನವರು. "ಮೇನ್ ಐಡಿಯಾ ಹೇಳು."

"ಒಂಟೆ, ಯಜಮಾನ್ರ."

"ಯಾರಿಗೆ ಅಂದದ್ದು?"

"ಒಂಟೆಗೇ ಅಂದದ್ರಿ."

"ಅದ ಕೇಳೂದು. ಯಾರು ಆ ಒಂಟೆ?"

ಜನ ಸುತ್ತಲೂ ನೋಡಿ ಹಿಟ್ಟಿನ ಗಿರಣಿಯ ಈರಯ್ಯನ ಮೇಲೆ ಕಣ್ಣು ನಿಲ್ಲಿಸಿದರು. ಅವನ ಕುತ್ತಿಗೆ ಸ್ವಲ್ಪ ಉದ್ದ. "ನನ್ನ ಯಾಕ ನೋಡ್ತೀರೋ? ನಾ ಏನು ಮಾಡೀನಿ?" ಎಂದು ಅವನು ಕುತ್ತಿಗೆಯನ್ನು ಶಾಲಿನೊಳಗೆ ಎಳೆದುಕೊಂಡ.

"ಯಾರೂ ಅಲ್ರಿ," ಎಂದೆ. "ಮರುಭೂಮಿ ಒಂಟೆ. ಹೆಂಗ ಬದುಕ್ತೈತಿ ಅಂತ ಬರದೈತಿ. ದ್ಯಾಮವ್ವನ ಸುದ್ದಿ ಇದರಾಗ ಇಲ್ಲ. ಯಾರ ಸುದ್ದೀನೂ ಇಲ್ಲ."

ಮುದಕಪ್ಪ ಸಾಲಿನಿಂದ ಹೊರಬಂದ, ಗೋಡೆಗೆ ಬೆನ್ನು ಹಾಕಿಯೇ. "ಹುಡುಗಿ ಹೆದರೈತ್ರಿ, ಯಜಮಾನ್ರ. ಅರ್ಧಾ ಡಿಕ್ಷನರಿ ಓದಿದಾಕಿ, ಅರ್ಧಾನ ತಿಳಿದೈತಿ. ಒಂಟೆ ಅಂದ್ರೇನು? ಗಂಟು ಹೊತ್ಕೊಂಡು ನಡ್ಕೋತ ಹೋಗೂ ಪ್ರಾಣಿ. ದ್ಯಾಮವ್ವ ಟ್ರಂಕು ಹೊತ್ಕೊಂಡು ನಡೀಬೇಕು ಅಂತ ಅರ್ಥ. ಗೋಡಿ ಹೇಳದ ತಿಳಿಸಿದ್ದು ಅದ."

ಜನ ತಲೆದೂಗಿದರು. ನನ್ನ ಒಂಟೆಗಿಂತ ಅವನ ಒಂಟೆ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಬೇವಿನ ಬುಡದಲ್ಲಿ ದ್ಯಾಮವ್ವ ಎದ್ದು ನಿಂತು ಟ್ರಂಕಿನ ಹಿಡಿಗೆ ಕೈ ಹಾಕಿದಳು.

ಸತ್ಯ ಹೇಳಿದರೆ ಸಾಕು ಎಂದುಕೊಂಡಿದ್ದ ನನ್ನ ದಡ್ಡತನ ಆಗ ತಿಳಿಯಿತು. ಒಬ್ಬಳೇ ಓದಿದ ಸತ್ಯಕ್ಕೂ ಒಬ್ಬನೇ ಕಟ್ಟಿದ ಸುಳ್ಳಿಗೂ ಈ ಬಯಲಿನಲ್ಲಿ ಒಂದೇ ತೂಕ. ಪರೀಕ್ಷಿಸಲು ಕಣ್ಣಿದ್ದವರೆಲ್ಲ ಬೆನ್ನು ತಿರುಗಿಸಿ ನಿಂತಿದ್ದರು.

"ತಿರುಗ್ರಿ," ಎಂದೆ ಕ್ಲಾಸಿಗೆ. ಯಾರೂ ಅಲುಗಲಿಲ್ಲ. ನನ್ನ ಬೆಂಚಿನ ರೇಣವ್ವನ ಹತ್ತಿರ ಹೋದೆ. ಅವಳ ಪಾಳಿ ಆಗಸ್ಟಿನಲ್ಲಿ ಮುಗಿದಿತ್ತು. ಅವಳ ಓದಿನ ಪ್ರಕಾರ ಊರಲ್ಲಿ ಒಂದು ವಾರ ಯಾರೂ ಬೆಲ್ಲ ತಿಂದಿರಲಿಲ್ಲ.

"ರೇಣವ್ವಾ, ಆವತ್ತು ನಿನಗ ಎಷ್ಟು ತಿಳಿದಿತ್ತು? ಖರೇ ಹೇಳು."

ಅವಳ ಕಿವಿ ಕೆಂಪಾಯಿತು. "ಎರಡು ಶಬ್ದ. ಇರುವಿ, ಮತ್ತ ಸಿಹಿ. ಉಳಿದದ್ದು ನಾನ ಕಟ್ಟೀನಿ. ನಿಮಗೆಲ್ಲಾ ತಿಳೀತೈತಿ, ನಾನೊಬ್ಬಾಕಿನ ದಡ್ಡಿ ಅನ್ಕೊಂಡಿದ್ದೆ."

ಸಾಲಿನಲ್ಲಿ ಯಾರೋ, "ನಾನೂ," ಎಂದರು. ಇನ್ನೊಂದು ತುದಿಯಿಂದ, "ನಾನೂ." ರೇಣವ್ವ ಮೆಲ್ಲಗೆ ತಿರುಗಿದಳು. ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. "ಅಯ್ಯ! ಖರೇನ ಒಂಟೆ ಐತೆಲ್ಲೇ! ಬಾಲವಾಡಿ ಚಾರ್ಟಿನ್ಯಾಗ ಇತ್ತಲ್ಲ, ಚಿತ್ರದ ಕೆಳಗ ಬರದಿದ್ರಲ್ಲ!"

ಆಮೇಲೆ ಎಲ್ಲರೂ ತಿರುಗಿದರು. ಒಬ್ಬನಿಗೆ 'ನೀರು' ಸಿಕ್ಕಿತು. ಒಬ್ಬಳಿಗೆ 'ಮರಳು.' ಕೊನೆಯ ಬೆಂಚಿನ ಹುಡುಗ, ಇಂಗ್ಲಿಷಿನಲ್ಲಿ ಹನ್ನೊಂದು ಅಂಕ ದಾಟದವನು, "ಮೂಗು! ಮೂಗು ಐತ್ರಿ ಸರ್, ಎರಡನೇ ಸಾಲಿನ್ಯಾಗ!" ಎಂದು ಕುಣಿದ. ಒಂದು ಶಬ್ದ ಯಾರಿಗೂ ಬರಲಿಲ್ಲ. ನನಗೂ ಅದು ಗೆದ್ದಲಿನ ಪಾಲಿನದು, ಊಹಿಸಿಯೇ ಓದಿದ್ದೆ.

"ಅದು ಬೆನ್ನ ಮ್ಯಾಲ ಇರ್ತೈತಂತ," ಎಂದಳು ರೇಣವ್ವ.

"ಒಳಗ ಕೊಬ್ಬು ಇರ್ತೈತಂತ," ಎಂದ ಇನ್ನೊಬ್ಬ.

"ಗೂನು!" ಎಂದು ನಲವತ್ತು ಮಂದಿ ಒಟ್ಟಿಗೆ ಕೂಗಿದರು. ಮಠದ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಸಂದರ್ಭದಿಂದ ಅರ್ಥ ಗ್ರಹಿಸುವ ಆ ಎರಡು ಅಂಕದ ಪ್ರಶ್ನೆಗೆ ನಮ್ಮ ಕ್ಲಾಸಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಂದಿರಲಿಲ್ಲ.

ದೊಡ್ಡವರಲ್ಲಿ ಪ್ರತಿಯೊಬ್ಬರ ಮುಖದ ಮೇಲೂ ಅವರವರ ಒಂಬತ್ತನೇ ತರಗತಿ ಬಂದು ನಿಂತಿತ್ತು. ಕ್ಷೌರದ ಹಂಪಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ.

"ನಂದ್ರಾಗ ಮೂರು ಶಬ್ದ ತಿಳಿದಿದ್ದವು," ಎಂದ. "ಹಳೇದು, ಸೇತುವೆ, ಮಳೆ."

ಹಣಮವ್ವ ಭಜಿ ತೆಗೆಯುವ ಝಾರಿ ಹಿಡಿದೇ ಎದ್ದಳು. "ಲೇ ಕತ್ತೀ! ನಿನ್ನ ಮೂರು ಶಬ್ದಕ್ಕ ಮೂವತ್ತು ವರ್ಷ ನಾ ಸೀರಿ ಎತ್ಕೊಂಡು ಹಳ್ಳ ದಾಟೀನೇನೋ!"

"ಸಂತಿ ಮಂಗಳವಾರದಿಂದ ಶುಕ್ರವಾರಕ್ಕ ಹಾಕಿಸಿದಾಕಿ ನೀನಲ್ಲೇನವಾ? ನಿನಗೆಷ್ಟು ತಿಳಿದಿದ್ದವು, ಹೇಳು ನೋಡೋಣು!"

"ಮೀನ," ಎಂದಳು ಹಣಮವ್ವ. "ಒಂದ." ಕುಳಿತುಕೊಂಡಳು.

ಬೇವಿನ ಬುಡದಿಂದ ದ್ಯಾಮವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ನನಗ ಒಂದೂ ತಿಳೀಲಿಲ್ಲ. ಏನು ಹೇಳ್ಬೇಕು ಅಂತ ಬಾಯಿ ಕಟ್ಟಿಹೋಗಿತ್ತು. ಅದಕ್ಕ 'ಮೌನವೇ ಲೇಸು' ಅಂದೆ."

ಆ ವಾರ ಕೈಸನ್ನೆಯಲ್ಲಿ ಮದುವೆಯಾದ ಒಬ್ಬ ಮುದುಕ ಮುಂದಿನ ಸಾಲಿನಲ್ಲೇ ಇದ್ದ. ಹೆಂಡತಿಯ ಕಡೆ ತಿರುಗಿ, "ಹಂಗಾರ ಆವತ್ತು ನಾ ಒಲ್ಲೆ ಅಂತ ಹೇಳಬಹುದಿತ್ತು," ಎಂದ. ಅವಳು ಕೈಸನ್ನೆಯಲ್ಲೇ ಉತ್ತರ ಕೊಟ್ಟಳು.

ಎಲ್ಲರೂ ಶಿವರುದ್ರಪ್ಪನವರ ಕಡೆ ನೋಡಿದರು. ಅವರ ಪಾಳಿಯಲ್ಲಿ ಎಷ್ಟು ಶಬ್ದ ತಿಳಿದಿದ್ದವೆಂದು ಅವರು ಹೇಳಲಿಲ್ಲ. ಕೋಲಿನಿಂದ ಕಟ್ಟೆಗೆ ಎರಡು ಸಲ ಬಡಿದರು. "ಆದದ್ದಾತು. ನಿಯಮ ನಿಯಮನ. ನಾಲ್ಕೂ ಉತ್ತರ ಆಗಬೇಕು. ಹೇಳವ್ವಾ."

ನಾನು ಉತ್ತರ ಪತ್ರಿಕೆಯಲ್ಲಿ ಬರೆದುಕೊಳ್ಳುತ್ತ ಹೇಳಿದೆ. ಮೇನ್ ಐಡಿಯಾ, ಒಂಟೆಯ ಮೈ ಮರುಭೂಮಿಗೆ ತಕ್ಕ ಹಾಗಿದೆ. ಗೋಡೆ ಹೇಳಿದ್ದು, ಗೂನು, ಕೊಬ್ಬು, ಮೂಗು, ರೆಪ್ಪೆ. ಶೀರ್ಷಿಕೆ, 'ಒಂಟೆ.' ನಾಲ್ಕನೆಯದಕ್ಕೆ ಬಂದಾಗ ದ್ಯಾಮವ್ವನ ಕೈ ಇನ್ನೂ ಟ್ರಂಕಿನ ಹಿಡಿಯ ಮೇಲೇ ಇರುವುದು ಕಂಡಿತು. ಹಿಂದಿನ ವಾರದ ಮಾತನ್ನು ಪಂಚರು ಇನ್ನೂ ವಾಪಸ್ ಪಡೆದಿರಲಿಲ್ಲ. ಪಂಚರು ಯಾವುದನ್ನೂ ವಾಪಸ್ ಪಡೆಯುವುದಿಲ್ಲ, ಗೋಡೆ ಹೇಳಿದರೆ ಮಾತ್ರ.

"ಗೋಡಿ ಹೇಳದ ತಿಳಿಸಿದ್ದು," ಎಂದೆ, ಸ್ವಲ್ಪ ನಿಧಾನವಾಗಿ. "ಒಂಟೆ ಅಷ್ಟು ದಿನ ಉಪವಾಸ ನಡೀಬೇಕಂದ್ರ ಮೊದಲ ಅದಕ್ಕ ಯಾರೋ ಹೊಟ್ಟಿ ತುಂಬ ಹಾಕಿರಬೇಕು. ಹಾಕಿದವರನ್ನ ಓಡಿಸಿದ್ರ ಒಂಟೆ ಮನಿ ಬಾಗಿಲಾ ಸೈತ ದಾಟೂದಿಲ್ಲ."

ಶಿವರುದ್ರಪ್ಪನವರು ನೀರಲ್ಲಿ ಮುಳುಗುವವರು ಹಗ್ಗ ಹಿಡಿದ ಹಾಗೆ ಆ ಮಾತನ್ನು ಹಿಡಿದರು. "ಕೇಳಿದ್ರಿಲ್ಲೋ? ಗೋಡಿ ಸ್ಪಷ್ಟ ಹೇಳೈತಿ. ದ್ಯಾಮವ್ವ ಊರಾಗ ಇರಬೇಕು." ಆಮೇಲೆ ಕೋಲನ್ನು ಮುದಕಪ್ಪನ ಕಡೆ ತಿರುಗಿಸಿದರು. "ಮಠದ ಸರ್, ಇವನನ್ನ ಪಾಸ್ ಮಾಡ್ರಿ."

ಮುದಕಪ್ಪ ಸರ್ ಕಾಲಿಗೆ ಬಿದ್ದ. "ಬ್ಯಾಡ್ರೀ ಸರ್! ನನಗ ಏನೂ ಬರೂದಿಲ್ರಿ!"

"ಗೊತ್ತೈತಿ," ಎಂದರು ಸರ್. "ಈಗ ಊರಿಗೂ ಗೊತ್ತಾತು. ಎದ್ದೇಳು, ಅಭಿನಂದನೆ."

ಅವನನ್ನು ವರ್ಷದ ನಡುವೆಯೇ ಹತ್ತನೇ ತರಗತಿಗೆ ದಾಟಿಸಿದರು. ಆರು ವರ್ಷ ಕಾದಿದ್ದ ಅವನ ಹೆಂಡತಿ ಊರಿಗೆಲ್ಲ ಪೇಡೆ ಹಂಚಿದಳು. ಮುದಕಪ್ಪ ಮಾತ್ರ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿ ಸವರಿ ನೋಡಿದ. ಕೈಗೆ ಸುಣ್ಣ ಹತ್ತಿತು. ಅಲ್ಲಿಂದ ಕ್ಷೌರಕ್ಕೆ ಹೋದರೆ ಹಂಪಣ್ಣ ಮೊದಲು ದುಡ್ಡು ಕೇಳಿದ.

ಈಗ ಸೋಮವಾರ ನಾವು ನಲವತ್ತು ಮಂದಿ ಒಟ್ಟಿಗೆ ಓದುತ್ತೇವೆ. ಜೇನು, ಭೂಕಂಪ, ರೈಲು, ಒಮ್ಮೆ ಹಲ್ಲುಜ್ಜುವುದರ ಬಗ್ಗೆಯೂ ಬಂದಿತ್ತು. ಊರಿನವರು ಮೊದಲಿನಂತೆಯೇ ಬಂದು ಕೂರುತ್ತಾರೆ. ಎಂಟು ಕೈಯಿರುವ ಸಮುದ್ರದ ಪ್ರಾಣಿಯ ವಾರ, ಅಷ್ಟು ಕೈ ಇದ್ದಿದ್ದರೆ ನಾನು ಎಷ್ಟು ಭಜಿ ಬಿಡುತ್ತಿದ್ದೆ ಎಂದು ಹಣಮವ್ವ ಶುಕ್ರವಾರದವರೆಗೂ ಲೆಕ್ಕ ಹಾಕುತ್ತಿದ್ದಳು. ಹಳ್ಳದಲ್ಲಿ ಸೇತುವೆಗೆ ಕಲ್ಲು ಬಂದು ಬಿದ್ದಿದೆ. ಮೊದಲ ಬುಟ್ಟಿ ಮಣ್ಣು ಹೊತ್ತವನು ಹಂಪಣ್ಣ, ಹೊರಿಸಿದವಳು ಹಣಮವ್ವ.

ಒಂಟೆ ವಾರದ ನನ್ನ ಉತ್ತರ ಪತ್ರಿಕೆಯನ್ನು ಮಠದ ಸರ್ ಹಾಸ್ಟೆಲ್ಲಿನ ಜಗುಲಿಯ ಮೇಲೆ ಕುಳಿತು ತಿದ್ದಿದರು. ದ್ಯಾಮವ್ವ ಅವರ ಮುಂದೆ ಚಪಾತಿ, ಬದನೆಕಾಯಿ ಪಲ್ಯ ಇಟ್ಟು ಒಳಗೆ ಹೋಗಿದ್ದಳು. ಮೂರು ಉತ್ತರಕ್ಕೆ ಪೂರ್ತಿ ಅಂಕ ಬಂತು. ನಾಲ್ಕನೆಯದರ ಮೇಲೆ ಕೆಂಪು ಪೆನ್ನು ನಿಂತಿತು.

"ಒಂಟೆಗೆ ಯಾರಾರ ಹೊಟ್ಟಿ ತುಂಬ ಹಾಕಿದ್ರು ಅಂತ ಗೋಡಿ ಮ್ಯಾಲ ಇತ್ತೇನು?"

"ಇರಲಿಲ್ರಿ ಸರ್. ಅದು ಹೇಳದ ತಿಳಿಸಿದ್ದು."

"ಹೇಳದ ತಿಳಿಸಿದ್ದಕ್ಕೂ ಪ್ಯಾಸೇಜಿನ್ಯಾಗ ಆಧಾರ ಇರಬೇಕು."

"ಕೊಬ್ಬು ಐತ್ರಿ. ತಿನ್ನದ ಕೊಬ್ಬು ಎಲ್ಲಿಂದ ಬರ್ತೈತಿ?"

ಸರ್ ಚಪಾತಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಎರಡಕ್ಕೆ ಒಂದೂವರೆ ಹಾಕಿದರು.

"ಅರ್ಧಾ ಯಾಕ್ರೀ ಕಟ್?"

"ಒಂಟೆ ತಾನ ಮೇಯ್ತೈತಿ," ಎಂದರು. "ಹಾಕಿದವರು ಅನ್ನೂದು ನಿನ್ನ ತಲಿಯೊಳಗಿಂದು."

ನಾನು ಮರುಮೌಲ್ಯಮಾಪನ ಕೇಳಲಿಲ್ಲ. ಸರ್ ಇನ್ನೊಂದು ಚಪಾತಿ ಕೇಳಿದರು.